ಅಂಗಡಿ, ಗಿರಾಕಿ ಮತ್ತು ಕೊಸರು

ಕನ್ನಡದಲ್ಲಿ ‘ಕೊಸರು’ ಎಂದೊಂದು ಮಾತಿದೆ. ತೂಕ ಮುಗಿದ ಮೇಲೆ, ಅಳತೆ ತುಂಬಿದ ಮೇಲೆ, ಅಂಗಡಿಯವನು ತಾನಾಗಿಯೋ ಕೊಳ್ಳುವವರ ಒತ್ತಾಯಕ್ಕೆ ಮಣಿದೋ ಮೇಲಿಷ್ಟು ಹಾಕುವ ಹಿಡಿ ಕಡಲೆ, ಚೂರು ಬೆಲ್ಲ, ಎರಡು ಹಸಿಮೆಣಸಿನಕಾಯಿ, ಒಂದೆಸಳು ಕರಿಬೇವು, ಇವೇ ಕೊಸರು. ಇದು ದಾನವಲ್ಲ, ವ್ಯಾಪಾರದ ಲೆಕ್ಕಕ್ಕೆ ಸೇರಿದುದೂ ಅಲ್ಲ. ಯಾವ ಖಾತೆಯಲ್ಲಿಯೂ ಅದನ್ನು ಬರೆಯುತ್ತಿರಲಿಲ್ಲ. ಆದರೂ ಕೊಸರು ಹಾಕದ ಅಂಗಡಿಗೆ ಹೆಂಗಸರು ಎರಡನೆಯ ಸಲ ಹೋಗುತ್ತಿರಲಿಲ್ಲ. ನಿನ್ನನ್ನು ನಾನು ನೋಡಿದ್ದೇನೆ, ನೀನು ಮತ್ತೆ ಬರಬೇಕು ಎಂದು ಮಾರುವವನು ಕೊಳ್ಳುವವಳಿಗೆ ಬಾಯಿಬಿಟ್ಟು ಹೇಳದೆ ಹೇಳುತ್ತಿದ್ದ ಮಾತು ಅದು. ಕೊಸರು ಕೊಡಬೇಕಾದರೆ ಅಂಗಡಿಯಲ್ಲಿ ಒಬ್ಬ ಮನುಷ್ಯನಿರಬೇಕು, ಅವನ ಕೈಗೆ ಒಂದು ಗಳಿಗೆ ಬಿಡುವಿರಬೇಕು. ಇಂದಿನ ಮಾತಿಗೆ ಈ ಎರಡು ಷರತ್ತುಗಳೇ ಆಧಾರ.

‘ಅಂಗಡಿ’ ಎಂಬುದು ನಮಗೆ ಬಹಳ ಹಳೆಯ ಪದ. ತಮಿಳಿನ ‘ಅಂಗಾಡಿ’ ಅದರ ಒಡಹುಟ್ಟು. ಹಗಲಿನ ಪೇಟೆಯನ್ನು ‘ನಾಳಂಗಾಡಿ’ ಎಂದೂ ಇರುಳಿನ ಪೇಟೆಯನ್ನು ‘ಅಲ್ಲಂಗಾಡಿ’ ಎಂದೂ ತಮಿಳಿನ ಪ್ರಾಚೀನ ಕಾವ್ಯಗಳು ಹೆಸರಿಸಿವೆ. ಅಂಗಡಿಗೆ ಬರುವವನಿಗೆ ನಾವು ಹೇಳುವ ‘ಗಿರಾಕಿ’ ಎಂಬ ಮಾತಾದರೋ ಹೊರಗಿನಿಂದ ಬಂದುದು. ಸಂಸ್ಕೃತದ ‘ಗ್ರಾಹಕ’ ಬಡಗಣ ನುಡಿಗಳಲ್ಲಿ ಸವೆದು, ವ್ಯಾಪಾರಿಗಳ ಬಾಯಲ್ಲಿ ಹೊಸ ರೂಪ ತಳೆದು ಕನ್ನಡಕ್ಕಿಳಿಯಿತು. ಅನಂತರ ಕಾನೂನಿನವರೂ ಪತ್ರಿಕೆಯವರೂ ಅದೇ ಸಂಸ್ಕೃತ ಪದವನ್ನು ಮಡಿಯುಡಿಸಿ ‘ಗ್ರಾಹಕ’ನೆಂದು ಮತ್ತೆ ಕರೆತಂದರು. ಹೀಗೆ ಒಂದೇ ಮಾತು ಎರಡು ಸಲ ನಮ್ಮ ಮನೆಗೆ ಬಂದಿದೆ. ಗಿರಾಕಿಗೆ ಹೆಸರಿತ್ತು, ಊರಿತ್ತು. ಗ್ರಾಹಕನಿಗೆ ಇರುವುದು ಹಕ್ಕು. ಹಕ್ಕು ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಗಿರಾಕಿ ಗ್ರಾಹಕನಾದ ಈ ದಾರಿಯಲ್ಲಿ ಗಳಿಸಿದ್ದೆಷ್ಟು, ಕಳೆದುಕೊಂಡದ್ದೆಷ್ಟು ಎಂದು ಲೆಕ್ಕ ಹಾಕುವುದು ಯೋಗ್ಯವಾಗಿದೆ.

ಈಚೆಗೆ ನಮ್ಮ ಸಣ್ಣ ಪಟ್ಟಣಗಳಿಗೂ ದೊಡ್ಡ ದೊಡ್ಡ ಮಳಿಗೆಗಳು ಬಂದಿವೆ. ಕಣ್ಣು ಕೋರೈಸುವ ದೀಪ, ತಂಪು ಗಾಳಿ, ಸಾಲು ಸಾಲಾದ ಸರಕು. ಕೊರತೆ ಇರುವುದು ಒಂದಕ್ಕೇ, ಕೇಳಿದರೆ ಹೇಳುವವರಿಗೆ. ಅಂಥದೊಂದು ಮಳಿಗೆಯಲ್ಲಿ ನಾನು ಒಂದು ಸಂಜೆ ಹುರುಳಿಕಾಳನ್ನು ಹುಡುಕುತ್ತ ಮೂರು ಸುತ್ತು ಬಂದೆ. ಹಣ ಕಟ್ಟುವ ಕಟ್ಟೆಗಳು ನಾಲ್ಕಿದ್ದವು, ಮೂರರಲ್ಲಿ ಜನವಿರಲಿಲ್ಲ. ನಾಲ್ಕನೆಯದರ ಮುಂದೆ ಇಪ್ಪತ್ತು ಮಂದಿಯ ಸಾಲು. ಅಲ್ಲಿದ್ದ ಹುಡುಗಿ ಬೆಲೆ ಹೊಡೆಯಬೇಕು, ಚೀಲಕ್ಕೆ ತುಂಬಬೇಕು, ಚಿಲ್ಲರೆಗೆ ಪರದಾಡಬೇಕು, ನಡುವೆ ‘ಉಪ್ಪು ಎಲ್ಲಿದೆ’ ಎಂದವರಿಗೆ ಕೈ ತೋರಿಸಬೇಕು. ಸಾಲಿನಲ್ಲಿದ್ದ ಒಬ್ಬರು ಅವಳ ಮೇಲೆ ರೇಗಿದರು. ಅವಳೂ ಸಿಡುಕಿದಳು. ‘ಈಗಿನ ಹುಡುಗರಿಗೆ ಮರ್ಯಾದೆ ಗೊತ್ತಿಲ್ಲ’ ಎಂಬ ತೀರ್ಪು ಅಲ್ಲೇ ಹೊರಬಿತ್ತು.

ಈ ತೀರ್ಪು ಸರಿಯೆ? ಅಂಗಡಿಯಲ್ಲಿ ಸಿಗದ ಉಪಚಾರ ಬರಿಯ ನಡತೆಯ ಮಾತೆ? ಚರಿತ್ರೆ ಇದಕ್ಕೆ ಬೇರೊಂದು ಉತ್ತರ ಕೊಡುತ್ತದೆಂದು ನನಗೆ ತೋರುತ್ತದೆ.

ಮಾರುವವನನ್ನು ನಂಬಿ ಕೂರಲಾಗದು ಎಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪಣ್ಯಾಧ್ಯಕ್ಷನೆಂಬ ಅಧಿಕಾರಿಯೂ ಪೇಟೆಯನ್ನು ನೋಡಿಕೊಳ್ಳುವ ಸಂಸ್ಥಾಧ್ಯಕ್ಷನೂ ಬರುತ್ತಾರೆ. ತಕ್ಕಡಿಯನ್ನೂ ಅಳತೆಯ ಪಾತ್ರೆಗಳನ್ನೂ ಪರೀಕ್ಷಿಸುವುದು, ಮೋಸಕ್ಕೆ ದಂಡ ಹಾಕುವುದು ಇವರ ಕೆಲಸ. ಕನ್ನಡ ನಾಡಿನಲ್ಲಿ ಐಹೊಳೆಯಿಂದ ಹೆಸರು ಪಡೆದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಮೂಹ ದಕ್ಷಿಣ ಭಾರತದ ಉದ್ದಗಲಕ್ಕೆ ವ್ಯಾಪಾರ ನಡೆಸಿತು. ಇವರ ಶಾಸನಗಳಲ್ಲಿ ದೂರದೇಶಗಳ ಹೆಸರೂ ಸರಕಿನ ಹೆಸರೂ ಇರುವಂತೆ ತಮ್ಮ ಕಟ್ಟುಪಾಡಿನ ಹೆಮ್ಮೆಯೂ ಇದೆ. ಸಂಘದ ಮಾತು ಮೀರಿದವನಿಗೆ ವ್ಯಾಪಾರವೇ ಇಲ್ಲ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿ ಒಂದೊಂದು ಕಸುಬಿನವರ ಅಂಗಡಿಗಳು ಒತ್ತೊತ್ತಾಗಿದ್ದುದನ್ನೂ ರತ್ನಗಳು ಬಹಿರಂಗವಾಗಿ ಮಾರಾಟವಾಗುತ್ತಿದ್ದುದನ್ನೂ ಕಂಡು ಬರೆದಿದ್ದಾನೆ. ಒಂದೇ ಸರಕಿನ ಅಂಗಡಿಗಳು ಮಗ್ಗುಲು ಮಗ್ಗುಲಾಗಿರುವುದು ಬರಿಯ ಅಂದಕ್ಕಲ್ಲ. ಪಕ್ಕದವನ ಕಣ್ಣೇ ಅಲ್ಲಿ ಕಾವಲು. ಈ ಅಂಗಡಿಯಲ್ಲಿ ಮರ್ಯಾದೆ ಸಿಗದವನು ನಾಲ್ಕು ಹೆಜ್ಜೆ ನಡೆದರೆ ಇನ್ನೊಂದು ಅಂಗಡಿ.

ಅಳತೆಯ ವಿಚಾರಕ್ಕೆ ಬಂದರೆ, ಪಾವು, ಅಚ್ಚೇರು, ಸೇರು, ಕೊಳಗ, ಖಂಡುಗಗಳ ಲೋಕ ನನ್ನ ತಲೆಮಾರಿನವರ ಕಿವಿಯಲ್ಲಿ ಇನ್ನೂ ಇದೆ. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮವಲ್ಲ. ರಾಗಿ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ತೊಡಗುವುದು ನಮ್ಮ ಕಡೆಯ ವಾಡಿಕೆ. ಆ ‘ಲಾಭ’ ಯಾರದು? ಕೊಡುವವನದೂ ಹೌದು, ಕೊಳ್ಳುವವನದೂ ಹೌದು ಎಂಬುದೇ ಆ ಮಾತಿನ ಸೊಗಸು. ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆ ಹಂತಹಂತವಾಗಿ ಜಾರಿಗೆ ಬಂದು ೧೯೬೨ರ ಹೊತ್ತಿಗೆ ದೇಶದ ತುಂಬ ಕಿಲೋಗ್ರಾಂ, ಲೀಟರುಗಳು ಕಡ್ಡಾಯವಾದವು. ಸೇರಿನ ಗೊಂದಲ ಹೋಯಿತು. ಬಡವನಿಗೆ ಇದರಿಂದ ಒಳ್ಳೆಯದೇ ಆಯಿತು. ತೂಕ ಖಚಿತವಾದಂತೆ ಕೊಸರು ತೆಳ್ಳಗಾಯಿತು ಎಂಬುದೂ ನಿಜ. ಪೊಟ್ಟಣದಲ್ಲಿ ಕಟ್ಟಿಬಂದ ಸರಕಿಗೆ ಕೊಸರು ಹಾಕುವುದು ಹೇಗೆ?

ನನ್ನದು ಚಳ್ಳಕೆರೆ ಸೀಮೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅದೂ ಒಂದು. ಆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಅಮೃತಮಹಲ್ ಕಾವಲುಗಳಲ್ಲಿ ಸೇರಿದ ಹುಲ್ಲುಗಾವಲು. ಕಾವಲಿನ ಅಂಚಿನ ಹಳ್ಳಿಗಳಲ್ಲಿ ಕುರಿ ಸಾಕುವವರು, ಉಣ್ಣೆ ನೂಲುವವರು, ಕಂಬಳಿ ನೇಯುವವರು ಬಾಳುತ್ತ ಬಂದಿದ್ದಾರೆ. ಹೆಂಗಸರು ನೂತ ನೂಲಿಗೆ ಹುಣಸೆಬೀಜದ ಗಂಜಿ ಕಟ್ಟಿ, ಗಂಡಸರು ಗುಂಡಿಮಗ್ಗದಲ್ಲಿ ನೇಯುತ್ತಿದ್ದರು. ಚಳ್ಳಕೆರೆಯ ಕಂಬಳಿ ನಾಡಿನಲ್ಲೆಲ್ಲ ಹೆಸರುವಾಸಿ. ‘ಸಂತೆಗೆ ಮೂರು ಮೊಳ ನೇಯ್ದಂತೆ’ ಎಂಬ ಗಾದೆಯನ್ನು ನಾವು ಅವಸರದ ಕಳಪೆ ಕೆಲಸಕ್ಕೆ ಉಪಯೋಗಿಸುತ್ತೇವೆ. ಅದು ಹುಟ್ಟಿದ್ದು ಇಂಥ ನೇಕಾರರ ನಡುವೆಯೇ ಇರಬೇಕು. ಅದರೊಳಗೆ ಒಂದು ನೈತಿಕ ತೀರ್ಮಾನವಿದೆ. ಕೊಳ್ಳುವವನ ಮುಖ ನೋಡದೆ, ಸಂತೆಯ ಗುಂಪಿನಲ್ಲಿ ಮಾರಿ ಕೈ ತೊಳೆದುಕೊಳ್ಳುವವನು ಕಳಪೆಯಾಗಿ ನೇಯುತ್ತಾನೆ. ಕೊಳ್ಳುವವನ ಪರಿಚಯವುಳ್ಳವನು ಹಾಗೆ ನೇಯಲಾರ.

ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಕತೆಯೂ ಇಂಥದೇ. ಮದುವೆಗೆ ಸೀರೆ ಬೇಕಾದವರು ನೇಕಾರರ ಮನೆಗೇ ಹೋಗಿ ಮಗ್ಗದ ಮುಂದೆ ಕುಳಿತು ಬಣ್ಣ ಹೇಳಿ ನೇಯಿಸಿಕೊಳ್ಳುವುದಿತ್ತು. ಇನ್ನು ಚಳ್ಳಕೆರೆಯ ಪೇಟೆ ಕಡಲೆಕಾಯಿಯ ಪೇಟೆ. ಎಣ್ಣೆ ಗಿರಣಿಗಳ ಈ ಊರನ್ನು ‘ಎರಡನೆಯ ಬೊಂಬಾಯಿ’ ಎಂದು ಕರೆಯುತ್ತಿದ್ದರು. ಮಂಡಿಯಲ್ಲಿ ಗುಮಾಸ್ತರು, ತೂಕದವರು, ಹಮಾಲಿಗಳು, ಗಾಡಿಯವರು. ಒಂದು ಅಂಗಡಿಗೆ ಹತ್ತು ಕೈ. ೧೯೯೪ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದ ಮೇಲೆ ಅಗ್ಗದ ಎಣ್ಣೆ ಬಂದು ಕಡಲೆಕಾಯಿಯ ಗಿರಣಿಗಳು ಸೊರಗಿದವು. ಗಿರಣಿಯ ಸದ್ದಿನೊಡನೆ ಅಲ್ಲಿಯ ಎಷ್ಟೋ ಕೈಗಳಿಗೂ ಕೆಲಸವಿಲ್ಲದಾಯಿತು.

ಹಳ್ಳಿಯ ಅಂಗಡಿಯನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವುದು ನನ್ನ ವಯಸ್ಸಿನವರಿಗೆ ಸುಲಭ. ಅಲ್ಲಿಯ ಶೆಟ್ಟರು ಮನೆಮನೆಯ ಕಷ್ಟಸುಖ ಬಲ್ಲವರು. ‘ಇಂದು ನಗದು, ನಾಳೆ ಉದ್ರಿ’ ಎಂದು ಗೋಡೆಯ ಮೇಲೆ ಬರೆದಿಟ್ಟೂ ಇಂದೇ ಉದ್ರಿ ಕೊಡುವವರು. ಸುಗ್ಗಿಗೆ ವಸೂಲಿಗೆ ಬರುವವರು. ‘ಬೋಣಿಗೆ’ಯ ಹೊತ್ತಿಗೆ ಬಂದವರನ್ನು ಬರಿಗೈಲಿ ಕಳಿಸಲಾರರು. ಇದೆಲ್ಲ ನಿಜ. ಆದರೆ ಆ ಉದ್ರಿಯ ಪುಸ್ತಕದಲ್ಲಿ ಏನು ಬರೆದಿದೆಯೆಂದು ಓದಲಾರದವರ ಬದುಕು ಅಂಗಡಿಯವನ ಲೇಖನಿಯ ತುದಿಯಲ್ಲಿತ್ತು ಎಂಬುದೂ ನಿಜ. ಅದಕ್ಕಿಂತ ಕಹಿಯಾದ ನಿಜ ಇನ್ನೊಂದಿದೆ. ಅದೇ ಅಂಗಡಿಯ ಮುಂದೆ ಕೆಲವರು ಕಟ್ಟೆ ಹತ್ತುವಂತಿರಲಿಲ್ಲ. ಬೀದಿಯಲ್ಲಿ ದೂರ ನಿಂತು ಕೂಗಬೇಕು. ಕಾಸನ್ನು ನೆಲದ ಮೇಲಿಡಬೇಕು. ಸರಕನ್ನು ಮೇಲಿನಿಂದ ಸೆರಗಿಗೆ ಹಾಕಿಸಿಕೊಳ್ಳಬೇಕು. ಉಳಿದವರೆಲ್ಲ ಕೊಂಡು ಹೋಗುವ ತನಕ ಕಾಯಬೇಕು. ಅವರ ಪಾಲಿಗೆ ಕೊಸರು ಎಂಬ ಮಾತಿಗೆ ಯಾವ ಅರ್ಥವಿತ್ತು? ಹಳೆಯ ಅಂಗಡಿಯ ಆತ್ಮೀಯತೆಯನ್ನು ಹೊಗಳುವಾಗ, ಆ ಆತ್ಮೀಯತೆ ಯಾರು ಯಾರಿಗೆ ದೊರೆಯುತ್ತಿತ್ತು ಎಂದು ಕೇಳದೆ ಇರುವುದು ಚರಿತ್ರೆಕಾರನಿಗೆ ಸಲ್ಲದು.

ಸಾಲು ನಿಲ್ಲುವ ಅಂಗಡಿ ನಮ್ಮಲ್ಲಿಗೆ ಬಂದುದು ಯುದ್ಧದ ಕಾಲದಲ್ಲಿ. ಎರಡನೆಯ ಮಹಾಯುದ್ಧ, ೧೯೪೩ರ ಬಂಗಾಳದ ಕ್ಷಾಮ, ಇವುಗಳ ಬೆನ್ನಿಗೆ ನಗರಗಳಲ್ಲಿ ಧಾನ್ಯ ಹಂಚಿಕೆ ವಿಸ್ತಾರಗೊಂಡಿತು. ಅದಕ್ಕೆ ಕನ್ನಡದಲ್ಲಿ ನಿಂತ ‘ಪಡಿತರ’ ಎಂಬ ಹೆಸರು ಗಮನಾರ್ಹ. ದೇವಸ್ಥಾನದ ನಿತ್ಯದ ಅಕ್ಕಿ ಬೇಳೆಗೆ ಗೊತ್ತುಮಾಡಿದ ಮೊತ್ತವನ್ನು ಹಳೆಯ ದಾಖಲೆಗಳು ಪಡಿತರ ಎನ್ನುತ್ತವೆ. ದೇವರಿಗೆ ಸಲ್ಲುತ್ತಿದ್ದ ಮಾತು ಮನುಷ್ಯನ ಹಸಿವಿಗೆ ಸಂದಿತು. ೧೯೬೫ರಲ್ಲಿ ಭಾರತ ಆಹಾರ ನಿಗಮ, ೧೯೭೩ರಲ್ಲಿ ರಾಜ್ಯದ ಆಹಾರ ಮತ್ತು ನಾಗರಿಕ ಸರಬರಾಜು ನಿಗಮ ಸ್ಥಾಪನೆಯಾದವು. ಇತ್ತ ಸಹಕಾರದ ದಾರಿಯೂ ತೆರೆದಿತ್ತು. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ೧೮೪೪ರ ಡಿಸೆಂಬರಿನಲ್ಲಿ ೨೮ ಮಂದಿ ಕಲಬೆರಕೆಯಿಲ್ಲದ ಹಿಟ್ಟು, ಬೆಣ್ಣೆ, ಸಕ್ಕರೆಯನ್ನು ಸರಿಯಾದ ತೂಕಕ್ಕೆ ಮಾರುವ ತಮ್ಮದೇ ಅಂಗಡಿ ತೆರೆದರು. ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ೧೯೦೪ರಲ್ಲಿ ಅಂಥದೇ ಸಹಕಾರಿ ಮಳಿಗೆ ಹುಟ್ಟಿತು. ಗದಗದ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ನಮ್ಮ ನಾಡಿನ ಸಹಕಾರ ಚಳವಳಿಗೆ ನಾಂದಿಯಾಯಿತು. ೧೯೬೨ರ ಚೀನಾ ಯುದ್ಧದ ಅನಂತರ ಕೇಂದ್ರ ಸರ್ಕಾರ ಗ್ರಾಹಕ ಸಹಕಾರ ಮಳಿಗೆಗಳಿಗೆ ನೆರವು ಕೊಟ್ಟಿತು. ೧೯೬೬ರಲ್ಲಿ ದೆಹಲಿಯ ಸೂಪರ್ ಬಜಾರ್ ತೆರೆಯಿತು. ನಮ್ಮ ನಗರಗಳಲ್ಲಿ ಜನತಾ ಬಜಾರುಗಳು ಬಂದವು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಏಷ್ಯಾಟಿಕ್ ಕಟ್ಟಡಕ್ಕೆ ಜನತಾ ಬಜಾರ್ ಕಟ್ಟಡವೆಂದೇ ಹೆಸರು ನಿಂತಿತು.

ಈ ಮಳಿಗೆಗಳಲ್ಲಿ ಒಂದು ವಿಚಿತ್ರ ಸಂಭವಿಸಿತು. ಕೊಳ್ಳುವವನು ಯಜಮಾನನಾಗಲೆಂದು ಕಟ್ಟಿದ ಅಂಗಡಿಯಲ್ಲಿ ಮಾರುವವನು ಯಜಮಾನನಾದ. ಸಕ್ಕರೆ ಇಲ್ಲ, ಸೀಮೆಎಣ್ಣೆ ನಾಳೆ, ಚಿಲ್ಲರೆ ತನ್ನಿ, ಊಟದ ಹೊತ್ತು ಎಂಬ ನಾಲ್ಕು ಮಾತುಗಳು ಆ ಕಾಲದವರಿಗೆಲ್ಲ ಬಾಯಿಪಾಠ. ಮಾರುವವರು ಕೆಟ್ಟವರೆಂದು ಹೀಗಾಯಿತೆ? ಅಲ್ಲ. ಸರಕು ಕಡಿಮೆಯಿದ್ದು ಬೇಡುವವರು ಹೆಚ್ಚಾಗಿದ್ದಾಗ, ‘ಇಲ್ಲ’ ಎನ್ನುವುದೇ ಮಾರುವವನ ಮುಖ್ಯ ಕೆಲಸವಾಗುತ್ತದೆ. ದಿನಕ್ಕೆ ನೂರು ಸಲ ‘ಇಲ್ಲ’ ಎನ್ನಬೇಕಾದವನ ಮುಖದಲ್ಲಿ ನಗೆ ಉಳಿಯದು. ಆದರೂ ಒಂದು ಮಾತನ್ನು ಮರೆಯಬಾರದು. ಆ ಸಾಲಿನಲ್ಲಿ ಎಲ್ಲರೂ ಒಬ್ಬರ ಹಿಂದೆ ಒಬ್ಬರು ನಿಲ್ಲಬೇಕಿತ್ತು. ಬೀದಿಯಲ್ಲಿ ದೂರ ನಿಲ್ಲುತ್ತಿದ್ದವರ ಮಕ್ಕಳು ಚೀಟಿ ಹಿಡಿದು ಅದೇ ಸಾಲಿನಲ್ಲಿ ನಿಂತು, ಅದೇ ಬೆಲೆಗೆ ಅದೇ ಅಕ್ಕಿ ಪಡೆದರು. ಒರಟಾದರೂ ಅದು ಸಮಾನತೆಯ ಸಾಲು.

೧೯೮೬ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. ‘ಸೇವಾ ನ್ಯೂನತೆ’ ಎಂಬ ಮಾತು ಕನ್ನಡದ ಪತ್ರಿಕೆಗಳಲ್ಲಿ ಬಳಕೆಗೆ ಬಂದುದು ಅದರಿಂದ. ಈ ಕಾಯಿದೆಯ ಸ್ಥಾನದಲ್ಲಿ ೨೦೧೯ರ ಹೊಸ ಕಾಯಿದೆ ೨೦೨೦ರ ಜುಲೈಯಿಂದ ಜಾರಿಗೊಂಡಿದೆ. ತೂಕ ಕಡಿಮೆಯಾದರೆ, ಸರಕು ಕೆಟ್ಟಿದ್ದರೆ ದೂರು ಕೊಡಲು ಜಿಲ್ಲೆಯಲ್ಲೇ ವೇದಿಕೆಯಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಹೇಳುವವರಿಲ್ಲದೆ ಅರ್ಧ ಗಂಟೆ ಅಲೆದುದಕ್ಕೆ, ಒಬ್ಬಳೇ ಹುಡುಗಿ ನಾಲ್ವರ ಕೆಲಸ ಮಾಡುತ್ತಿದ್ದುದಕ್ಕೆ ಯಾರ ಮೇಲೆ ದೂರು ಕೊಡುವುದು? ನಮ್ಮ ಬ್ಯಾಂಕುಗಳಲ್ಲಿಯೂ ಅಂಗಡಿಗಳಲ್ಲಿಯೂ ಒಂದು ಫಲಕವನ್ನು ನೀವು ನೋಡಿರಬಹುದು. ಗ್ರಾಹಕನೇ ನಮ್ಮಲ್ಲಿಗೆ ಬರುವ ಮುಖ್ಯ ಅತಿಥಿ ಎಂಬರ್ಥದ ಕೆಲವು ವಾಕ್ಯಗಳು, ಕೆಳಗೆ ಗಾಂಧೀಜಿಯ ಹೆಸರು. ೧೮೯೦ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಮಾಡಿದ ಭಾಷಣವೆಂದು ಕೆಲವೆಡೆ ಇಸವಿಯನ್ನೂ ಕೊಟ್ಟಿರುತ್ತಾರೆ. ೧೮೯೦ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ವಿದ್ಯಾರ್ಥಿ. ಅವರು ದಕ್ಷಿಣ ಆಫ್ರಿಕಕ್ಕೆ ಕಾಲಿಟ್ಟದ್ದು ೧೮೯೩ರಲ್ಲಿ. ಗೋಡೆಗೆ ಮಹಾತ್ಮರನ್ನು ತೂಗುಹಾಕುವ ಖರ್ಚು, ಕಟ್ಟೆಯ ಹಿಂದೆ ಇನ್ನೊಬ್ಬ ನೌಕರನನ್ನು ಕೂರಿಸುವ ಖರ್ಚಿಗಿಂತ ಕಡಿಮೆ. ಫಲಕದ ಜನಪ್ರಿಯತೆಗೆ ಇದೂ ಒಂದು ಕಾರಣವಿರಬಹುದು.

ಇನ್ನು ‘ನೀವೇ ತೆಗೆದುಕೊಳ್ಳಿ’ ಎನ್ನುವ ಅಂಗಡಿ. ಇದು ಅಮೆರಿಕದ ಮೆಂಫಿಸ್ ನಗರದಲ್ಲಿ ೧೯೧೬ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ತೆರೆದ ಮಳಿಗೆಯಿಂದ ಪ್ರಸಿದ್ಧಿಗೆ ಬಂದಿತು. ಅದುವರೆಗೆ ಗಿರಾಕಿ ಹೇಳುವುದು, ಗುಮಾಸ್ತ ತಂದುಕೊಡುವುದು ಪದ್ಧತಿ. ಸಾಂಡರ್ಸ್ ಗಿರಾಕಿಯ ಕೈಗೆ ಬುಟ್ಟಿ ಕೊಟ್ಟು ಒಳಗೆ ಬಿಟ್ಟ. ಹೊರಬರುವ ಬಾಗಿಲಲ್ಲಿ ಹಣ ತೆಗೆದುಕೊಂಡ. ಮರುವರ್ಷ ಈ ಏರ್ಪಾಟಿಗೆ ಹಕ್ಕುಪತ್ರವನ್ನೂ ಪಡೆದ. ಗುಮಾಸ್ತರ ಸಂಬಳ ಉಳಿಯಿತು. ಉಳಿದುದರಲ್ಲಿ ಒಂದು ಪಾಲು ಬೆಲೆಯ ಇಳಿತವಾಗಿ ಗಿರಾಕಿಗೂ ಸಿಕ್ಕಿತು. ಬೆಂಗಳೂರಿನ ಬ್ರಿಗೇಡ್ ರಸ್ತೆಯ ನೀಲಗಿರೀಸ್ ಮಳಿಗೆ ೧೯೭೦ರ ದಶಕದಲ್ಲೇ ಈ ಪದ್ಧತಿಯನ್ನು ತಂದಿತ್ತು. ಅದು ಚಳ್ಳಕೆರೆಯಂಥ ಊರುಗಳವರೆಗೆ ಹರಡಿದುದು ಈ ಶತಮಾನದಲ್ಲಿ. ಇಲ್ಲಿಯೂ ಒಂದು ನ್ಯಾಯದ ಮಾತು ಹೇಳಬೇಕು. ಅಂಗಡಿಯ ಸರಕನ್ನು ಮುಟ್ಟಬಾರದೆಂದು ದೂರ ನಿಲ್ಲಿಸಿದ್ದವರ ಮೊಮ್ಮಕ್ಕಳು ಈಗ ಬೇಕಾದ ಸರಕನ್ನು ತಾವೇ ಎತ್ತಿ, ತಿರುಗಿಸಿ ನೋಡಿ, ಬೇಡವೆನಿಸಿದರೆ ಮತ್ತೆ ಇಟ್ಟು ಬರುತ್ತಾರೆ. ‘ನೀನು ಯಾರ ಪೈಕಿ’ ಎಂದು ಯಾರೂ ಕೇಳುವುದಿಲ್ಲ. ಮುಖವಿಲ್ಲದ ಅಂಗಡಿಯ ಈ ಒಳ್ಳೆಯತನವನ್ನು ನಾನು ಮನಸಾರೆ ಒಪ್ಪುತ್ತೇನೆ.

ಒಪ್ಪಿದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ. ಗುಮಾಸ್ತನ ಕೆಲಸದಲ್ಲಿ ಅರ್ಧ ಗಿರಾಕಿಗೆ ಬಂದಿತು. ಉಳಿದರ್ಧ ಉಳಿದುಕೊಂಡ ಒಬ್ಬಿಬ್ಬರ ಹೆಗಲಿಗೇರಿತು. ೧೯೬೧ರ ನಮ್ಮ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ ೯ ಗಂಟೆ, ವಾರಕ್ಕೆ ೪೮ ಗಂಟೆಯ ಮಿತಿಯನ್ನೂ ವಾರದ ರಜೆಯನ್ನೂ ಗೊತ್ತುಮಾಡಿತು. ಗಂಟೆ ಎಣಿಸಿದ ಆ ಕಾಯಿದೆ ಒಂದು ಅಂಗಡಿಗೆ ಎಷ್ಟು ಕೈ ಬೇಕು ಎಂದು ಎಣಿಸಲಿಲ್ಲ. ಕುಳಿತುಕೊಳ್ಳುವ ಹಕ್ಕಿನ ಚರಿತ್ರೆಯನ್ನೇ ನೋಡಿ. ಬ್ರಿಟನ್ನಿನಲ್ಲಿ ೧೮೯೯ರಲ್ಲೇ ಅಂಗಡಿಯ ಮೂವರು ಹೆಣ್ಣಾಳುಗಳಿಗೆ ಒಂದಾದರೂ ಆಸನವಿರಬೇಕೆಂದು ಕಾನೂನಾಯಿತು. ನಮ್ಮ ನೆರೆಯ ಕೇರಳದಲ್ಲಿ, ಕೋಳಿಕ್ಕೋಡಿನ ಜವಳಿ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ ೨೦೧೮ರಲ್ಲಿ ಆ ಹಕ್ಕು ದೊರೆಯಿತು, ತಮಿಳುನಾಡಿನಲ್ಲಿ ೨೦೨೧ರಲ್ಲಿ. ಹಗಲೆಲ್ಲ ನಿಂತೇ ಇರುವವರಿಂದ ನಾವು ನಗುಮುಖದ ಉಪಚಾರವನ್ನು ಬಯಸುತ್ತಿದ್ದೆವು ಎಂಬುದನ್ನು ಈ ಇಸವಿಗಳು ಹೇಳುತ್ತವೆ.

ಆಳುಗಳನ್ನು ಕಡಿಮೆ ಮಾಡಿ ಹಣ ಉಳಿಸುವ ಬುದ್ಧಿ ಹೊಸದಲ್ಲ. ಇದಕ್ಕೆ ನಮ್ಮ ಕಾವಲುಗಳ ಚರಿತ್ರೆಯಲ್ಲೇ ಒಂದು ಪಾಠವಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಹದಿನೇಳನೆಯ ಶತಮಾನದ ಕೊನೆಯಲ್ಲಿ, ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಿತ್ತು. ಟೀಪೂ ಸುಲ್ತಾನ ಅದನ್ನು ‘ಅಮೃತಮಹಲ್’ ಎಂದು ಕರೆದ. ಸೈನ್ಯದ ಸಾಮಾನು ಎಳೆಯುವ ಎತ್ತುಗಳು ಈ ಹಿಂಡುಗಳಿಂದ ಬರುತ್ತಿದ್ದವು. ೧೭೯೯ರ ಅನಂತರ ಇಂಗ್ಲಿಷರೂ ಅವುಗಳ ಬೆಲೆಯನ್ನು ಅರಿತರು. ಆದರೆ ೧೮೬೦ರಲ್ಲಿ, ಖರ್ಚು ತಗ್ಗಿಸುವ ಹುರುಪಿನಲ್ಲಿ ಇಡೀ ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟರು. ಉಳಿತಾಯ ಕಾಗದದ ಮೇಲೆ ಅಂದವಾಗಿತ್ತು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತುಗಳು ಸಿಗದಾದವು, ಬೆಲೆ ಏರಿತು. ೧೮೬೬ರಲ್ಲಿ ಅದೇ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಕಾಯುವವರನ್ನು ತೆಗೆದರೆ ಕಾವಲು ಉಳಿಯುವುದಿಲ್ಲ ಎಂಬುದನ್ನು ಕಲಿಯಲು ಆ ಸರ್ಕಾರಕ್ಕೆ ಆರು ವರ್ಷ ಹಿಡಿಯಿತು.

ಉಳ್ಳಾರ್ತಿ ಕಾವಲಿನ ಈಚಿನ ಚರಿತ್ರೆ ನಿಮಗೆ ತಿಳಿದಿರಬಹುದು. ೨೦೦೭ರಿಂದ ೨೦೧೦ರವರೆಗಿನ ವರ್ಷಗಳಲ್ಲಿ ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸಂದಿತು. ಉಳ್ಳಾರ್ತಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಬಾಹ್ಯಾಕಾಶ ಸಂಸ್ಥೆಗೂ ಭೂಮಿ ಕೊಟ್ಟರು. ಗೋಡೆಗಳೆದ್ದವು, ಕುರಿ ಕಾಯುವವರು ಹಸಿರು ನ್ಯಾಯಮಂಡಳಿಯ ತನಕ ಹೋದರು. ಆ ವಿವಾದ ಇಂದಿನ ವಿಷಯವಲ್ಲ. ೨೦೨೩ರ ಏಪ್ರಿಲ್ ೨ರಂದು ಇದೇ ತಾಲ್ಲೂಕಿನ ಹಾರಾಟ ಪರೀಕ್ಷಾ ನೆಲೆಯಲ್ಲಿ, ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟ ರೆಕ್ಕೆಯ ವಾಹನವೊಂದು ನಡೆಸುವವರಿಲ್ಲದೆ ತಾನಾಗಿಯೇ ನೆಲಕ್ಕಿಳಿಯಿತು. ನಮ್ಮವರ ಜಾಣ್ಮೆಗೆ ನಾನು ಹೆಮ್ಮೆಪಟ್ಟೆ.

ಅದೇ ವರ್ಷ ಕಾವಲಿನ ಅಂಚಿನ ಒಂದು ಹಳ್ಳಿಯ ನ್ಯಾಯಬೆಲೆ ಅಂಗಡಿಯ ಮುಂದೆ ನಾನು ಕೆಲಹೊತ್ತು ನಿಂತಿದ್ದೆ. ೨೦೧೩ರ ಆಹಾರ ಭದ್ರತಾ ಕಾಯಿದೆ, ಅದೇ ಜುಲೈಯಲ್ಲಿ ರಾಜ್ಯದಲ್ಲಿ ಆರಂಭವಾದ ಅನ್ನಭಾಗ್ಯ, ಇವುಗಳಿಂದ ಬಡವರ ಮನೆಗೆ ಅಕ್ಕಿ ಬಂದಿದೆ. ನನ್ನ ಬಾಲ್ಯದ ಬರಗಾಲಗಳನ್ನು ಬಲ್ಲ ಯಾರೂ ಇದನ್ನು ಹಗುರವಾಗಿ ಕಾಣಲಾರರು. ಅಂಗಡಿಯಲ್ಲಿದ್ದವನು ಒಬ್ಬನೇ. ಚೀಟಿ ನೋಡುವವನೂ ಅವನೇ, ಬೆರಳಚ್ಚು ಯಂತ್ರ ಹಿಡಿಯುವವನೂ ಅವನೇ, ಅಕ್ಕಿ ತೂಗುವವನೂ ಅವನೇ. ಒಬ್ಬ ಮುದುಕಿ ಹೆಬ್ಬೆರಳಿಟ್ಟಳು. ಯಂತ್ರ ಒಪ್ಪಲಿಲ್ಲ. ಹೊಲದ ಕೆಲಸ ಮಾಡಿ, ಅರವತ್ತು ವರ್ಷ ಉಣ್ಣೆ ನೂತು, ಗೆರೆಯಳಿದು ನುಣ್ಣಗಾದ ಬೆರಳು ಅದು. ‘ಇನ್ನೊಂದ್ಸಲ ನೋಡಪ್ಪ, ಇದೇ ಬೆರಳು’ ಎಂದಳು. ‘ನಾಳೆ ಬಾ ಅವ್ವ’ ಎಂದನವ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಹಿಂದೆ ನಲವತ್ತು ಜನ ಕಾದಿದ್ದರು. ಬೆರಳು ಹೊಂದದವರಿಗೆ ಬೇರೆ ದಾರಿ ಇಲ್ಲವೆಂದಲ್ಲ. ಆ ದಾರಿಯನ್ನು ಅವಳಿಗೆ ವಿವರಿಸಿ, ಕಾಗದ ಪತ್ರ ನೋಡಿ, ಮುಂದಿನ ತಿಂಗಳಿಗೆ ತೊಂದರೆಯಾಗದಂತೆ ಮಾಡಲು ಇನ್ನೊಂದು ಜೊತೆ ಕೈ ಬೇಕಿತ್ತು. ಆ ಕೈ ಅಲ್ಲಿರಲಿಲ್ಲ. ರಾಜ್ಯದಲ್ಲಿ ಸುಮಾರು ೨೦ ಸಾವಿರ ನ್ಯಾಯಬೆಲೆ ಅಂಗಡಿಗಳಿವೆ. ಅವನ್ನು ನಡೆಸುವವರು ಸಂಬಳದವರಲ್ಲ, ತೂಕದ ಮೇಲೆ ಕಮಿಷನ್ ಪಡೆಯುವವರು. ಆಳನ್ನಿಟ್ಟುಕೊಂಡರೆ ಅದರ ಕೂಲಿ ಆ ಕಮಿಷನ್ನಿನಿಂದಲೇ ಹೋಗಬೇಕು. ಹೀಗಾಗಿ ಅಂಗಡಿಗೆ ಒಬ್ಬನೇ.

ನಗರದ ಮಳಿಗೆಯಲ್ಲಿ ಹುರುಳಿ ಸಿಗದೆ ನಾನು ಸುತ್ತಿದ್ದಕ್ಕೂ ಈ ಮುದುಕಿ ಬರಿಯ ಚೀಲ ಹಿಡಿದು ಹಿಂತಿರುಗಿದ್ದಕ್ಕೂ ಹೋಲಿಕೆಯಿಲ್ಲ. ನನಗಾದುದು ಬೇ‌ಸರ, ಅವಳಿಗಾದುದು ಹಸಿವು. ಆದರೆ ಎರಡರ ಮೂಲ ಒಂದೇ. ಕೊಡುವ ಕಡೆಯ ಮನುಷ್ಯರನ್ನು ಖರ್ಚೆಂದು ಎಣಿಸಿ ಕಡಿಮೆ ಮಾಡುತ್ತ ಹೋದಾಗ, ಆ ಉಳಿತಾಯದ ಬೆಲೆಯನ್ನು ಕೊಳ್ಳುವ ಕಡೆಯಲ್ಲಿ ಅತ್ಯಂತ ದುರ್ಬಲರಾದವರು ತೆರುತ್ತಾರೆ. ಓದು ಬಲ್ಲವರು ಫಲಕ ನೋಡಿ ಸರಕು ಹುಡುಕಿಕೊಳ್ಳಬಲ್ಲರು. ಓದು ಬಾರದವರಿಗೆ, ಕಣ್ಣು ಮಂಜಾದವರಿಗೆ, ಹೊಸದಾಗಿ ಪೇಟೆಗೆ ಬಂದವರಿಗೆ ಕೇಳುವ ಬಾಯೊಂದೇ ದಾರಿ. ಕೇಳಿಸಿಕೊಳ್ಳುವ ಕಿವಿ ಅಂಗಡಿಯಲ್ಲಿಲ್ಲದಿದ್ದರೆ ಅವರ ಪಾಲಿಗೆ ಅಂಗಡಿ ತೆರೆದಿದ್ದರೂ ಮುಚ್ಚಿದಂತೆಯೇ.

ಹಳೆಯ ಅಂಗಡಿಗೆ ಮರಳಬೇಕೆಂದು ನಾನು ಹೇಳಲಾರೆ. ಅದರ ಕಟ್ಟೆ ಎಲ್ಲರಿಗೂ ಸಲ್ಲುತ್ತಿರಲಿಲ್ಲ. ಸಾಲಿನಿಂದ ನಮಗೆ ಸಮಾನತೆ ಬಂದಿದೆ, ಕಾಯಿದೆಯಿಂದ ಹಕ್ಕು ಬಂದಿದೆ, ಕಿಲೋಗ್ರಾಮಿನಿಂದ ಖಚಿತವಾದ ತೂಕ ಬಂದಿದೆ. ಇವುಗಳಲ್ಲಿ ಒಂದನ್ನೂ ಬಿಟ್ಟುಕೊಡದೆ ಕಟ್ಟೆಯ ಹಿಂದೆ ಇನ್ನೊಬ್ಬ ಮನುಷ್ಯನನ್ನು ಕೂರಿಸುವುದು ಕಷ್ಟವಾದರೂ ಅಸಾಧ್ಯವಲ್ಲ. ಮುಂದೆ ಯಾವುದಾದರೂ ಅಂಗಡಿಯಲ್ಲಿ ಒಬ್ಬನೇ ನೌಕರ ಹತ್ತು ಜನರ ನಡುವೆ ತಬ್ಬಿಬ್ಬಾಗಿರುವುದನ್ನು ಕಂಡಾಗ, ನಮ್ಮ ದೂರನ್ನು ಅವನ ಮುಖಕ್ಕಲ್ಲ, ಅವನ ಪಕ್ಕದ ಬರಿಯ ಕುರ್ಚಿಯನ್ನು ಖಾಲಿ ಬಿಟ್ಟವರಿಗೆ ಹೇಳೋಣ. ನ್ಯಾಯಬೆಲೆ ಅಂಗಡಿಗೆ ಇನ್ನೊಂದು ಜೊತೆ ಕೈ ಬೇಕೆಂದು ಪಂಚಾಯಿತಿಯಲ್ಲಿ, ಸಭೆಗಳಲ್ಲಿ ಕೇಳೋಣ. ಸರ್ಕಾರ ಅಕ್ಕಿಯನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿ ಕೊಡುತ್ತಿದೆ. ಅದರ ಮೇಲೊಂದಿಷ್ಟು ಹೊತ್ತನ್ನೂ ಕೊಟ್ಟರೆ, ಆ ಮುದುಕಿಯಂಥವರಿಗೆ ನ್ಯಾಯವಾಗಿ ಸಲ್ಲಬೇಕಾದ ಕೊಸರು ಸಂದಂತಾಗುತ್ತದೆ.